ಆಟಕ್ಕುಂಟು, ಲೆಕ್ಕಕ್ಕಿಲ್ಲ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬ)

ಚಿಕ್ಕಂದಿನಲ್ಲಿ ಬೀದಿಯಲ್ಲಿ ಕಣ್ಣುಮುಚ್ಚಾಲೆಯನ್ನೋ ಮರಕೋತಿಯನ್ನೋ ಆಡುವಾಗ ಮನೆಯ ಪುಟ್ಟ ತಮ್ಮನೊಬ್ಬ ಅಳುತ್ತ ಹಿಂದೆ ಬರುತ್ತಿದ್ದುದು ಎಲ್ಲರ ಅನುಭವಕ್ಕೂ ಬಂದ ಸಂಗತಿಯೇ. ಬಿಟ್ಟುಹೋದರೆ ತಾಯಿಯ ಬೈಗುಳು. ಸೇರಿಸಿಕೊಂಡರೆ ಆಟ ಕೆಡುತ್ತದೆ. ಇದಕ್ಕೆ ನಮ್ಮ ಹಿರಿಯರು ಕಂಡುಕೊಂಡ ಉಪಾಯವೇ 'ಆಟಕ್ಕುಂಟು, ಲೆಕ್ಕಕ್ಕಿಲ್ಲ' ಎಂಬುದು. ಅವನು ಎಲ್ಲರಂತೆ ಓಡುತ್ತಾನೆ, ಕೂಗುತ್ತಾನೆ, ಬಿದ್ದು ಮೊಣಕಾಲು ತರಚಿಕೊಳ್ಳುತ್ತಾನೆ. ಆದರೆ ಅವನು ಸಿಕ್ಕಿಬಿದ್ದರೂ ಒಂದೇ, ಬೀಳದಿದ್ದರೂ ಒಂದೇ. ಆ ವಿಷಯ ತಿಳಿಯದವನು ಅವನೊಬ್ಬನೇ.

ಈ ಹಳೆಯ ಮಾತು ಕಂಪ್ಯೂಟರಿನ ಲೆಕ್ಕಕ್ಕೂ ಚೆನ್ನಾಗಿ ಒಪ್ಪುತ್ತದೆಂಬುದು ನನಗೆ ಹೊಳೆದದ್ದು ಕಳೆದ ಬೇಸಿಗೆಯ ರಜೆಯಲ್ಲಿ. ಇಂದು ಅಂಗಡಿ, ಕಾರ್ಖಾನೆ, ಬ್ಯಾಂಕು, ಸರ್ಕಾರಿ ಕಚೇರಿ, ಎಲ್ಲೆಡೆಯಲ್ಲಿಯೂ ವರದಿಗಳು ಕಂಪ್ಯೂಟರಿನಲ್ಲಿಯೇ ಸಿದ್ಧವಾಗುತ್ತವೆ. ಆ ವರದಿಗಳಲ್ಲಿ ಅತಿ ಹೆಚ್ಚಾಗಿ ಬರುವುದು ಷರತ್ತಿನ ಮೊತ್ತ. ಎಂದರೆ ಎಲ್ಲವನ್ನೂ ಕೂಡುವುದಲ್ಲ, ಗೊತ್ತಾದ ಷರತ್ತಿಗೆ ಒಳಪಟ್ಟವನ್ನು ಮಾತ್ರ ಆರಿಸಿ ಕೂಡುವುದು. ಇದು ಗಣಿತದ ವಿಷಯ, ವಾಣಿಜ್ಯ ವಿದ್ಯಾರ್ಥಿಗಳ ಸೊತ್ತು, ಕಲಾ ವಿಭಾಗದವರಾದ ನಮಗೇತಕ್ಕೆ ಎಂದು ನಮ್ಮಲ್ಲಿ ಅನೇಕರು ಭಾವಿಸಿದ್ದೇವೆ. ಈ ಭಾವನೆ ತಪ್ಪೆಂದೂ, ಷರತ್ತಿನ ಮೊತ್ತವನ್ನು ಬರೆಯುವುದು ಲೆಕ್ಕದ ಕೆಲಸಕ್ಕಿಂತ ಹೆಚ್ಚಾಗಿ ಮಾತಿನ ಕೆಲಸವೆಂದೂ, ಆದಕಾರಣ ಮಾತನ್ನೇ ವ್ಯಾಸಂಗ ಮಾಡುವ ನಾವು ಅದರಿಂದ ದೂರ ನಿಲ್ಲಬಾರದೆಂದೂ ಹೇಳುವುದು ಈ ಲೇಖನದ ಉದ್ದೇಶ.

ಮೊದಲು ವಸ್ತುವನ್ನು ತಿಳಿಯೋಣ. ಹಿಂದೆ ಅಂಗಡಿಗಳಲ್ಲಿ ದಿನದ ವ್ಯವಹಾರವನ್ನೆಲ್ಲ ನಡೆದ ಕ್ರಮದಲ್ಲಿಯೇ ಖಿರ್ದಿ ಪುಸ್ತಕದಲ್ಲಿ ಬರೆಯುತ್ತಿದ್ದರು. "ಈ ತಿಂಗಳು ಹರಿಹರಕ್ಕೆ ಎಷ್ಟು ರೂಪಾಯಿಯ ಸರಕು ಹೋಯಿತು?" ಎಂದು ಯಜಮಾನರು ಕೇಳಿದರೆ ಗುಮಾಸ್ತರು ಪುಟಗಳನ್ನು ತಿರುವಿ, ಹರಿಹರದ ಸಾಲು ಕಂಡಲ್ಲೆಲ್ಲ ಪೆನ್ಸಿಲಿನಿಂದ ಗುರುತು ಹಾಕಿ, ಗುರುತು ಬಿದ್ದ ಮೊಬಲಗುಗಳನ್ನು ಬೇರೊಂದು ಹಾಳೆಯಲ್ಲಿ ಕೂಡುತ್ತಿದ್ದರು. ಎಕ್ಸೆಲ್ ಹಾಳೆಯಲ್ಲಿ ಈ ಪೆನ್ಸಿಲಿನ ಕೆಲಸವನ್ನು 'ಸಮ್‌ಇಫ್' ಎಂಬ ಸೂತ್ರ ಮಾಡುತ್ತದೆ. ಅದಕ್ಕೆ ನಾವು ಹೇಳಬೇಕಾದುದು ಮೂರು ಮಾತು: ಯಾವ ಕಾಲಮ್ಮಿನಲ್ಲಿ ಹುಡುಕಬೇಕು, ಏನನ್ನು ಹುಡುಕಬೇಕು, ಸಿಕ್ಕಿದ ಸಾಲುಗಳ ಯಾವ ಕಾಲಮ್ಮನ್ನು ಕೂಡಬೇಕು. ಒಂದಕ್ಕಿಂತ ಹೆಚ್ಚು ಷರತ್ತುಗಳಿದ್ದರೆ 'ಸಮ್‌ಇಫ್ಸ್' ಎಂಬ ಇನ್ನೊಂದು ಸೂತ್ರವುಂಟು. 2007ರ ಎಕ್ಸೆಲ್‌ನಲ್ಲಿ ಬಂದ ಈ ಸೂತ್ರದಲ್ಲಿ 127 ಷರತ್ತುಗಳವರೆಗೆ ಹಾಕಬಹುದು. ದೊಡ್ಡ ಸಂಸ್ಥೆಗಳಲ್ಲಿ ಬಳಸುವ ಪವರ್ ಬಿಐ ಎಂಬ ತಂತ್ರಾಂಶದಲ್ಲಿ ಇದೇ ಕೆಲಸಕ್ಕೆ 'ಕ್ಯಾಲ್ಕ್ಯುಲೇಟ್' ಎಂಬ ಹೆಸರು. ಹೆಸರು ಯಾವುದಾದರೇನು, ಹೂರಣ ಒಂದೇ: ಆರಿಸು, ಕೂಡು.

ಕೂಡುವ ಕೆಲಸದಲ್ಲಿ ಯಂತ್ರವನ್ನು ಸೋಲಿಸುವವರಿಲ್ಲ. ಆರಿಸುವ ಕೆಲಸದಲ್ಲಿ ಮಾತ್ರ ಅದು ನಾವು ಹೇಳಿದ ಮಾತನ್ನು ಅಕ್ಷರಶಃ ನಡೆಸುವ ಆಳು. ಇದು ನನಗೆ ತಿಳಿದ ಬಗೆಯನ್ನು ಹೇಳುತ್ತೇನೆ.

ರಜೆಯಲ್ಲಿ ನಾನು ನಮ್ಮ ಊರಿನ ಸಗಟು ವ್ಯಾಪಾರಿಯೊಬ್ಬರ ಅಂಗಡಿಗೆ ಲೆಕ್ಕ ಬರೆಯಲು ಹೋಗಿದ್ದೆ. ಅಲ್ಲಿ ನಾಲ್ವರು ಮಾರಾಟಗಾರರು. ಬಿಲ್ಲಿನಲ್ಲಿ ಮಾರಾಟಗಾರನ ಹೆಸರನ್ನು ಬರೆಯುವ ರೂಢಿ ಇರಲಿಲ್ಲ; ಯಾವ ಊರು ಯಾರ ಪಾಲಿನದೆಂಬುದು ಎಲ್ಲರಿಗೂ ಗೊತ್ತು. ತಿಂಗಳಿಗೆ ಗೊತ್ತುಪಡಿಸಿದ ಮೊಬಲಗನ್ನು ದಾಟಿ ಮಾರಿದವರಿಗೆ ಸಂಬಳದ ಮೇಲೆ ಕಮಿಷನ್. ಇದರ ಲೆಕ್ಕಕ್ಕೆ ಪ್ರತಿ ತಿಂಗಳೂ ಜಗಳವಾಗುತ್ತಿತ್ತಂತೆ. ಬಿ.ಕಾಂ. ಓದುತ್ತಿರುವ ಚಿಕ್ಕಪ್ಪನ ಮಗನಿಂದ ಆಗತಾನೆ ಕಲಿತಿದ್ದ ಸಮ್‌ಇಫ್ಸ್ ಸೂತ್ರವನ್ನು ನಾನು ಹಾಳೆಯಲ್ಲಿ ಬರೆದು, ಅರ್ಧ ದಿನದಲ್ಲಿ ವರದಿಯನ್ನು ಮುಂದಿಟ್ಟೆ. ಯಜಮಾನರಿಗೆ ಬಹಳ ಸಂತೋಷವಾಯಿತು. "ಇನ್ನು ಜಗಳವೇ ಇಲ್ಲ, ಕಂಪ್ಯೂಟರೇ ಹೇಳುತ್ತೆ" ಎಂದರು. ನನಗೂ ಕೋಡು ಮೂಡಿದಂತಾಯಿತು.

ಸಂಬಳದ ದಿನ ಶಿವಮೊಗ್ಗದ ಕಡೆ ಹೋಗುವ ಹಿರಿಯ ಮಾರಾಟಗಾರರಿಗೆ ಕಮಿಷನ್ ಬರಲಿಲ್ಲ. ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಅದೇ ಅಂಗಡಿಯಲ್ಲಿ ದುಡಿದವರು. ಯಜಮಾನರ ಎದುರಿಗೆ ಅವರು ಏನೂ ಹೇಳಲಿಲ್ಲ. ಸಂಜೆ ನನ್ನ ಮೇಜಿನ ಬಳಿಗೆ ಬಂದು, ಅಂಗಿಯ ಜೇಬಿನಿಂದ ರಬ್ಬರ್ ಬ್ಯಾಂಡ್ ಸುತ್ತಿದ ಸಣ್ಣ ಪುಸ್ತಕವೊಂದನ್ನು ತೆಗೆದು, "ತಮ್ಮಾ, ನಾನು ನಿನ್ನಷ್ಟು ಓದಿದವನಲ್ಲ. ಹೋದ ತಿಂಗಳು ನಾನು ಶಿವಮೊಗ್ಗಕ್ಕೆ ಹನ್ನೊಂದು ಸಲ ಹೋಗಿದ್ದೀನಿ. ನಿನ್ನ ಮಿಷನ್ನಿನಲ್ಲಿ ಎಷ್ಟು ಸಲ ಹೋದ ಹಾಗಿದೆ, ಒಂಚೂರು ನೋಡ್ತೀಯಾ?" ಎಂದರು.

ನೋಡಿದೆ. 2014ರ ನವೆಂಬರ್ 1ರಂದು ನಮ್ಮ ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರುಗಳು ಕನ್ನಡದ ಉಚ್ಚಾರಣೆಗೆ ಹೊಂದುವಂತೆ ಬದಲಾದುದು ಎಲ್ಲರಿಗೂ ತಿಳಿದ ವಿಷಯ. ಇಂಗ್ಲಿಷಿನ 'ಶಿಮೊಗ' 'ಶಿವಮೊಗ್ಗ'ವಾಯಿತು. ಅಂಗಡಿಯ ಬಿಲ್ಲುಗಳೆಲ್ಲ ಇಂಗ್ಲಿಷಿನಲ್ಲಿ. ಆ ದಿನಕ್ಕೆ ಮುಂಚೆ ಸೇರಿದ್ದ ಗಿರಾಕಿಗಳ ವಿಳಾಸದಲ್ಲಿ ಹಳೆಯ ಹೆಸರೇ ಉಳಿದಿತ್ತು. ಆಮೇಲೆ ಸೇರಿದವರಿಗೆ ಹೊಸ ಹೆಸರು. ನಾನು ಷರತ್ತಿನಲ್ಲಿ ಬರೆದದ್ದು ಹೊಸ ಹೆಸರನ್ನು ಮಾತ್ರ. ಆ ಹಿರಿಯರು ಯಾವ ಅಂಗಡಿಗಳೊಡನೆ ಇಪ್ಪತ್ತು ವರ್ಷಗಳಿಂದ ವಿಶ್ವಾಸ ಬೆಳೆಸಿದ್ದರೋ, ಯಾವ ಅಂಗಡಿಗಳು ಅವರ ಮುಖ ನೋಡಿ ಸರಕು ಕೊಳ್ಳುತ್ತಿದ್ದವೋ, ಆ ಅಂಗಡಿಗಳೇ ಲೆಕ್ಕದಿಂದ ಹೊರಗೆ ಉಳಿದಿದ್ದವು. ಬಿಸಿಲಿನಲ್ಲಿ ತಿರುಗಿದ್ದು ಅವರು, ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಇಲ್ಲಿ ತಪ್ಪು ಯಾರದು? ಯಂತ್ರದ್ದಲ್ಲ. ನಾನು ಹೇಳಿದುದನ್ನು ಅದು ಚಾಚೂ ತಪ್ಪದೆ ಮಾಡಿತ್ತು. ನನ್ನನ್ನು ಹೆದರಿಸಿದ್ದು ತಪ್ಪಿಗಿಂತಲೂ ಅದರ ಮೌನ. ಭಾಗಿಸುವಾಗ ಸೊನ್ನೆಯಿಂದ ಭಾಗಿಸಿದರೆ ಎಕ್ಸೆಲ್ 'ತಪ್ಪು' ಎಂದು ಕೂಗುತ್ತದೆ. ಷರತ್ತಿನ ಮೊತ್ತದಲ್ಲಿ ಹಾಗಲ್ಲ. ಷರತ್ತಿಗೆ ಒಂದು ಸಾಲೂ ಸಿಕ್ಕದಿದ್ದರೆ 0 ಎಂದು ಬರೆದು ಸುಮ್ಮನಾಗುತ್ತದೆ. ಅರ್ಧ ಸಿಕ್ಕರೆ ಅರ್ಧದ ಮೊತ್ತವನ್ನು ಪೂರ್ಣ ಮೊತ್ತದಷ್ಟೇ ಗಂಭೀರವಾಗಿ ತೋರಿಸುತ್ತದೆ. ಊರಿನ ಹೆಸರಿನಲ್ಲಿ ದೊಡ್ಡಕ್ಷರ ಸಣ್ಣಕ್ಷರಗಳ ಭೇದವನ್ನು ಅದು ಎಣಿಸುವುದಿಲ್ಲ. ಆದರೆ ಹೆಸರಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಖಾಲಿ ಜಾಗ ಸೇರಿದ್ದರೆ ಅದನ್ನು ಬೇರೆ ಊರೆಂದೇ ತಿಳಿಯುತ್ತದೆ. ಮೊಬಲಗಿನ ಮನೆಯಲ್ಲಿ ಅಂಕಿಯು ಅಂಕಿಯಾಗಿರದೆ ಅಕ್ಷರರೂಪದಲ್ಲಿ ಕುಳಿತಿದ್ದರೆ, ನಮ್ಮ ಕಣ್ಣಿಗೆ ಅದು 5000 ಎಂದೇ ಕಂಡರೂ ಮೊತ್ತಕ್ಕೆ ಸೇರುವುದಿಲ್ಲ. ಹುಡುಕುವ ಕಾಲಂ ಎರಡನೆಯ ಸಾಲಿನಿಂದಲೂ ಕೂಡುವ ಕಾಲಂ ಮೂರನೆಯ ಸಾಲಿನಿಂದಲೂ ಆರಂಭವಾದರೆ ಒಬ್ಬನ ಹೆಸರಿಗೆ ಪಕ್ಕದವನ ಹಣ ಜಮೆಯಾಗುತ್ತದೆ. ಇವುಗಳಲ್ಲಿ ಒಂದಕ್ಕಾದರೂ ಅದು ಬಾಯಿ ಬಿಡುವುದಿಲ್ಲ.

ಇದಕ್ಕೆ ನನ್ನ ತಮ್ಮ ಒಂದು ಉಪಾಯ ಹೇಳಿದ: ಹೆಸರಿನ ಮೊದಲ ಅಕ್ಷರಗಳನ್ನು ಬರೆದು ಮುಂದೆ ನಕ್ಷತ್ರದ ಚಿಹ್ನೆ ಹಾಕಿದರೆ, ಹಾಗೆ ಆರಂಭವಾಗುವ ಹೆಸರುಗಳೆಲ್ಲ ಸೇರುತ್ತವೆ ಎಂದು. ಮಾಡಿ ನೋಡಿದೆ. ಶಿಮೊಗ ಬಂತು, ಶಿವಮೊಗ್ಗ ಬಂತು. ಜೊತೆಗೆ ಬೇರೊಬ್ಬರ ಪಾಲಿನ ಶಿಕಾರಿಪುರವೂ ಶಿಗ್ಗಾವಿಯೂ ಬಂದು ಕುಳಿತವು! ಬಲೆ ಸಣ್ಣದಾದರೆ ನಮ್ಮವರು ಬಿಟ್ಟುಹೋಗುತ್ತಾರೆ, ದೊಡ್ಡದಾದರೆ ಅನ್ಯರು ಬೀಳುತ್ತಾರೆ. ಎಷ್ಟು ದೊಡ್ಡ ಬಲೆ ಬೇಕೆಂಬುದನ್ನು ಆ ಊರು, ಆ ಜನ, ಆ ವ್ಯವಹಾರ ತಿಳಿದವರೇ ಹೇಳಬೇಕು.

ಈಗ ಭಾಷೆಯ ಮಾತಿಗೆ ಬರೋಣ. ಕನ್ನಡ ತರಗತಿಯಲ್ಲಿ ನಾವು ಸಮಾಸಗಳನ್ನೂ ಅವ್ಯಯಗಳನ್ನೂ ಓದುತ್ತೇವೆ. ಇದರಿಂದ ಏನು ಪ್ರಯೋಜನವೆಂದು ಕೆಲವರು ನಗುವುದೂ ಉಂಟು. 'ಮೈಸೂರು ಮತ್ತು ಮಂಡ್ಯದ ಮಾರಾಟವೆಷ್ಟು?' ಎಂದು ಯಜಮಾನರು ಕೇಳಿದರೆ ಎರಡು ಊರುಗಳ ಮೊತ್ತವನ್ನೂ ಸೇರಿಸಿ ಹೇಳೆಂದು ಅರ್ಥ. ಸಮ್‌ಇಫ್ಸ್ ಸೂತ್ರದಲ್ಲಿ ಊರಿನ ಕಾಲಮ್ಮಿಗೆ ಮೈಸೂರು ಎಂದೊಂದು, ಮಂಡ್ಯ ಎಂದೊಂದು ಷರತ್ತನ್ನು ಬರೆದರೆ ಉತ್ತರ ಸೊನ್ನೆ. ಏಕೆಂದರೆ ಯಂತ್ರದ 'ಮತ್ತು' ಬೇರೆ: ಒಂದೇ ಬಿಲ್ಲು ಏಕಕಾಲದಲ್ಲಿ ಮೈಸೂರಿನದೂ ಮಂಡ್ಯದ್ದೂ ಆಗಿರಬೇಕೆಂದು ಅದು ತಿಳಿಯುತ್ತದೆ. ನಮ್ಮ 'ಮತ್ತು' ಇಲ್ಲಿ ಅದರ 'ಅಥವಾ'. ಸರಿ, ಎರಡು ಮೊತ್ತಗಳನ್ನು ಬೇರೆ ಬೇರೆ ತೆಗೆದು ಕೂಡಿಬಿಡೋಣ ಎಂದರೆ, ಊರುಗಳ ವಿಷಯದಲ್ಲಿ ಅದು ಸರಿಯೇ. ಆದರೆ 'ಹುಡುಗಿಯರಿಗೂ ಹಾಸ್ಟೆಲಿನವರಿಗೂ ಕೊಟ್ಟ ಸಹಾಯಧನವೆಷ್ಟು?' ಎಂದು ಕೇಳಿದಾಗ ಹಾಗೆ ಕೂಡಿದರೆ ಹಾಸ್ಟೆಲಿನಲ್ಲಿರುವ ಹುಡುಗಿಯರು ಎರಡು ಸಲ ಲೆಕ್ಕಕ್ಕೆ ಬರುತ್ತಾರೆ.

'ವರೆಗೆ' ಎಂಬ ಮಾತೂ ಹಾಗೆಯೇ. 'ಮಾರ್ಚ್ 31ರವರೆಗೆ' ಎಂದರೆ ಆ ದಿನವೂ ಸೇರಿತೆಂದು ನಾವೆಲ್ಲ ಬಲ್ಲೆವು. ಎಕ್ಸೆಲ್‌ನಲ್ಲಿ ದಿನಾಂಕವೆಂಬುದು ಒಂದು ಅಂಕಿ. ಗಂಟೆ ನಿಮಿಷಗಳು ಆ ಅಂಕಿಯ ದಶಮಾಂಶದ ಭಾಗ. ಬಿಲ್ಲಿನಲ್ಲಿ ವೇಳೆಯೂ ದಾಖಲಾಗಿದ್ದು, 'ಮಾರ್ಚ್ 31 ಅಥವಾ ಅದಕ್ಕೆ ಕಡಿಮೆ' ಎಂದು ಷರತ್ತು ಹಾಕಿದರೆ, 31ರ ಬೆಳಗಿನಿಂದ ರಾತ್ರಿಯವರೆಗಿನ ವ್ಯಾಪಾರವೆಲ್ಲ ಹೊರಗುಳಿಯುತ್ತದೆ. ಸಾಲಿನ ಕೊನೆಯ ದಿನದ ಅವಸರದ ವ್ಯಾಪಾರವೇ ಮಾಯ! 'ಏಪ್ರಿಲ್ 1ಕ್ಕೆ ಕಡಿಮೆ' ಎಂದು ಬರೆಯುವುದು ಕ್ಷೇಮ. 'ಅಲ್ಲದ' ಎಂಬ ಮಾತಿನಲ್ಲಿಯೂ ಇಂಥ ತೊಡಕುಂಟು. 'ಮೈಸೂರು ಅಲ್ಲದ ಊರುಗಳು' ಎಂದು ಎಕ್ಸೆಲ್‌ನಲ್ಲಿ ಕೇಳಿದರೆ, ಊರಿನ ಹೆಸರನ್ನೇ ಬರೆಯದೆ ಬಿಟ್ಟ ಸಾಲುಗಳೂ ಸೇರುತ್ತವೆ. ದತ್ತಾಂಶ ಕೋಶಗಳ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ಇದೇ ಪ್ರಶ್ನೆಯನ್ನು ಕೇಳಿದರೆ, ಏನನ್ನೂ ತುಂಬದೆ ಬಿಟ್ಟ ಅಂಥ ಸಾಲುಗಳು ಸೇರುವುದಿಲ್ಲ. ಅವು ಮೈಸೂರೂ ಅಲ್ಲ, ಮೈಸೂರಲ್ಲದ್ದೂ ಅಲ್ಲ, ತ್ರಿಶಂಕುವಿನಂತೆ ನಡುವೆ ತೂಗಾಡುತ್ತವೆ. ಪವರ್ ಬಿಐಯ ಕ್ಯಾಲ್ಕ್ಯುಲೇಟ್ ಇನ್ನೊಂದು ಬಗೆ. ಊರುಗಳ ಪಟ್ಟಿಯ ಎದುರಿಗೆ 'ಊರು ಮೈಸೂರು' ಎಂಬ ಸರಳ ಷರತ್ತಿನ ಮೊತ್ತವನ್ನು ಇಟ್ಟರೆ, ಹಾಸನದ ಎದುರಿಗೂ ಮಂಡ್ಯದ ಎದುರಿಗೂ ಮೈಸೂರಿನ ಮೊತ್ತವೇ ಮೂಡುತ್ತದೆ. ಸೂತ್ರದೊಳಗಿನ ಷರತ್ತು ಸಾಲಿನ ಷರತ್ತನ್ನು ತಳ್ಳಿಹಾಕುವುದೇ ಅದಕ್ಕೆ ಕಾರಣ.

ಇವೆಲ್ಲ ಅಂಗಡಿಯ ಚಿಲ್ಲರೆ ಸಂಗತಿಗಳೆಂದು ವಾಚಕರು ಭಾವಿಸಬಾರದು. 2010ರಲ್ಲಿ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೊಗಾಫ್ ಎಂಬ ಇಬ್ಬರು ಖ್ಯಾತ ಅರ್ಥಶಾಸ್ತ್ರಜ್ಞರು ಒಂದು ಪ್ರಬಂಧವನ್ನು ಪ್ರಕಟಿಸಿದರು. ಸರ್ಕಾರದ ಸಾಲವು ಒಟ್ಟು ದೇಶೀಯ ಉತ್ಪನ್ನದ ಶೇಕಡ 90ನ್ನು ಮೀರಿದ ದೇಶಗಳಲ್ಲಿ ಬೆಳವಣಿಗೆಯ ಸರಾಸರಿ ಸೊನ್ನೆಗೂ ಕೆಳಗೆ, ಶೇಕಡ 0.1ರಷ್ಟು ಇಳಿದಿತ್ತೆಂದು ಅದರಲ್ಲಿ ತೋರಿಸಿದ್ದರು. ಇದೂ ಒಂದು ಷರತ್ತಿನ ಲೆಕ್ಕವೇ. ಮೊತ್ತದ ಬದಲು ಸರಾಸರಿ, ಅಷ್ಟೆ. ಸರ್ಕಾರಗಳು ವೆಚ್ಚವನ್ನು ಕಡಿತಮಾಡಬೇಕೆಂದು ವಾದಿಸಿದ ಅಮೆರಿಕ, ಯೂರೋಪುಗಳ ರಾಜಕಾರಣಿಗಳು ಇದನ್ನು ಮತ್ತೆ ಮತ್ತೆ ಎತ್ತಿಹಿಡಿದರು. 2013ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯದ ಆಮ್ಹರ್ಸ್ಟ್ ಶಾಖೆಯ ಥಾಮಸ್ ಹರ್ಂಡನ್ ಎಂಬ ವಿದ್ಯಾರ್ಥಿಯು, ತರಗತಿಯ ಪ್ರಬಂಧಕ್ಕಾಗಿ ಆ ಲೆಕ್ಕವನ್ನು ತಾನೂ ಮಾಡಲು ಹೋಗಿ, ಉತ್ತರ ಬಾರದೆ, ಮೂಲದ ಎಕ್ಸೆಲ್ ಹಾಳೆಯನ್ನು ತರಿಸಿ ನೋಡಿದನು. ಸರಾಸರಿಯ ಸೂತ್ರವು 20 ದೇಶಗಳಲ್ಲಿ 15ನ್ನು ಮಾತ್ರ ಒಳಗೊಂಡಿತ್ತು. ಆಸ್ಟ್ರೇಲಿಯ, ಆಸ್ಟ್ರಿಯ, ಬೆಲ್ಜಿಯಂ, ಕೆನಡ, ಡೆನ್ಮಾರ್ಕ್‌ಗಳು ಹಾಳೆಯಲ್ಲಿದ್ದೂ ಲೆಕ್ಕದಲ್ಲಿರಲಿಲ್ಲ. ಕೆಲವು ವರ್ಷಗಳನ್ನು ಬಿಟ್ಟುದನ್ನೂ ದೇಶಗಳಿಗೆ ತೂಕ ಕೊಟ್ಟ ಕ್ರಮವನ್ನೂ ಅವನೂ ಅವನ ಅಧ್ಯಾಪಕರಿಬ್ಬರೂ ಆಕ್ಷೇಪಿಸಿದರು. ಎಲ್ಲವನ್ನೂ ತಿದ್ದಿದಾಗ ಅವರಿಗೆ ಬಂದ ಸರಾಸರಿ ಬೆಳವಣಿಗೆ ಶೇಕಡ 2.2. ಮೂಲ ಲೇಖಕರು ಸೂತ್ರದ ತಪ್ಪನ್ನು ಒಪ್ಪಿಕೊಂಡರು. ಉಳಿದ ಆಕ್ಷೇಪಗಳನ್ನು ಒಪ್ಪದೆ, ತಮ್ಮ ಮುಖ್ಯ ಅಭಿಪ್ರಾಯಕ್ಕೆ ಅಂಟಿಕೊಂಡರು. ಆ ವಾದದ ತೀರ್ಪು ನಮ್ಮ ಕೆಲಸವಲ್ಲ. ಪಂಡಿತರ ಹಾಳೆಯಲ್ಲಿಯೂ ಐದು ದೇಶಗಳು ಸದ್ದಿಲ್ಲದೆ ಬಿಟ್ಟುಹೋಗಬಹುದೆಂಬುದನ್ನೂ, ಅದನ್ನು ಕಂಡುಹಿಡಿದವನು ನಮ್ಮಂತೆ ಒಬ್ಬ ವಿದ್ಯಾರ್ಥಿಯೆಂಬುದನ್ನೂ ನೆನಪಿನಲ್ಲಿಟ್ಟರೆ ಸಾಕು.

ಇಲ್ಲಿ ಒಂದು ಆಕ್ಷೇಪ ಬರಬಹುದು. 'ಈಗ ಕೃತಕ ಬುದ್ಧಿಮತ್ತೆಯ ಯಂತ್ರಗಳು ಬಂದಿವೆ, ಬೇಕಾದುದನ್ನು ಮಾತಿನಲ್ಲಿ ಹೇಳಿದರೆ ಸೂತ್ರವನ್ನು ಅವೇ ಬರೆದುಕೊಡುತ್ತವೆ, ನಾವೇಕೆ ಕಲಿಯಬೇಕು?' ಎಂದು. ಸೂತ್ರ ಬರೆಯುವ ಶ್ರಮ ಕಡಿಮೆಯಾಗಿರುವುದು ನಿಜ. ಆದರೆ ಅವಕ್ಕೂ ಮಾತಿನಲ್ಲಿಯೇ ಹೇಳಬೇಕಷ್ಟೆ? 'ಶಿವಮೊಗ್ಗದ ಮಾರಾಟವನ್ನು ಕೂಡು' ಎಂದು ನಾನು ಹೇಳಿದ್ದರೆ ಅಂಥ ಯಂತ್ರವೂ ನಾನು ಬರೆದ ಸೂತ್ರವನ್ನೇ ಬರೆದುಕೊಡುತ್ತಿತ್ತೆಂದು ನನ್ನ ಎಣಿಕೆ. ಸೂತ್ರ ಬರೆಯುವುದು ಸುಲಭವಾದಷ್ಟೂ ಷರತ್ತನ್ನು ಸರಿಯಾದ ಮಾತಿನಲ್ಲಿ ಹೇಳುವವನ ಹೊಣೆ ಹೆಚ್ಚುತ್ತದೆ. ಈ ಹೊಣೆಯನ್ನು ಹೊರಲು ಭಾಷೆ, ಇತಿಹಾಸ, ಸಮಾಜಗಳನ್ನು ಓದಿದವನಿಗಿಂತ ಯೋಗ್ಯನಾರು? ಊರುಗಳ ಹೆಸರು ಯಾವಾಗ ಬದಲಾಯಿತು, 'ಕುಟುಂಬ' ಎಂದರೆ ಯಾರು ಯಾರು, 'ಕೃಷಿಕ' ಎಂಬ ಕಾಲಮ್ಮಿನಲ್ಲಿ ಭೂಮಿಯಿಲ್ಲದ ಕೂಲಿಯವನು ಬರುತ್ತಾನೋ ಇಲ್ಲವೋ, ಇವು ಲೆಕ್ಕದ ಪ್ರಶ್ನೆಗಳೇ ಅಲ್ಲ. ಆದರೆ ಇವಕ್ಕೆ ಉತ್ತರವಿಲ್ಲದೆ ಒಂದು ಮೊತ್ತವೂ ನಿಲ್ಲದು.

ಹಾಗಾದರೆ ಮಾಡತಕ್ಕದ್ದೇನು? ನನ್ನ ಅಲ್ಪಮತಿಗೆ ತೋರಿದ ಮೂರು ಸೂಚನೆಗಳನ್ನು ಹಿರಿಯರ ಮುಂದಿಡುತ್ತೇನೆ.

ಮೊದಲನೆಯದು, ಷರಾ. ನಮ್ಮ ಹಳೆಯ ದಫ್ತರಗಳಲ್ಲಿ ಅಂಕಿಗಳ ಕಾಲಂಗಳು ಮುಗಿದ ಮೇಲೆ ಷರಾ ಎಂಬ ಕಾಲಂ ಇರುತ್ತಿತ್ತು. ಅಂಕಿ ಹೇಳಲಾರದುದನ್ನು ಅಲ್ಲಿ ಮಾತಿನಲ್ಲಿ ಬರೆಯುತ್ತಿದ್ದರು. ಷರತ್ತಿನ ಮೊತ್ತ ಒಂದೊಂದರ ಪಕ್ಕದಲ್ಲಿಯೂ ಏನೇನು ಸೇರಿದೆ, ಏನೇನು ಬಿಟ್ಟಿದೆ ಎಂದು ತಿಳಿಗನ್ನಡದಲ್ಲಿ ಒಂದು ವಾಕ್ಯವನ್ನು ಬರೆಯಬೇಕು. ಆ ವಾಕ್ಯವನ್ನು ಬರೆಯಲಾಗದಿದ್ದರೆ ಸೂತ್ರ ನಮಗೇ ಅರ್ಥವಾಗಿಲ್ಲವೆಂದು ತಿಳಿಯತಕ್ಕದ್ದು.

ಎರಡನೆಯದು, ತಾಳೆ. ಎಲ್ಲ ಊರುಗಳ ಷರತ್ತಿನ ಮೊತ್ತಗಳನ್ನು ಕೂಡಿ, ಯಾವ ಷರತ್ತೂ ಇಲ್ಲದ ಒಟ್ಟು ಮೊತ್ತದೊಡನೆ ತಾಳೆ ನೋಡಬೇಕು. ನಾನು ಇದೊಂದನ್ನು ಮಾಡಿದ್ದರೆ ಬಿಟ್ಟುಹೋದ ಹಣ ಅಂದೇ ಕಣ್ಣಿಗೆ ಬೀಳುತ್ತಿತ್ತು. ತಾಳೆಯಾದ ಮಾತ್ರಕ್ಕೆ ಎಲ್ಲ ಸರಿಯೆಂದಲ್ಲ. ಒಬ್ಬನ ಹಣ ಇನ್ನೊಬ್ಬನಿಗೆ ಹೋಗಿದ್ದರೂ ಒಟ್ಟು ತಾಳೆಯಾಗುತ್ತದೆ. ಆದರೆ ತಾಳೆಯಾಗದಿದ್ದರೆ ಎಲ್ಲೋ ತಪ್ಪಿದೆಯೆಂಬುದು ಖಂಡಿತ.

ಮೂರನೆಯದು, ಕೇಳುವುದು. ಲೆಕ್ಕಕ್ಕೆ ಒಳಗಾದವರಿಗೆ ಆ ಲೆಕ್ಕವನ್ನು ತೋರಿಸಿ, "ಇದು ನಿಮಗೆ ಸರಿಯಾಗಿ ಕಾಣುತ್ತದೆಯೆ?" ಎಂದು ಕೇಳಬೇಕು. ಇದು ಉಪಕಾರವಲ್ಲ, ಲೆಕ್ಕದ ಒಂದು ಭಾಗವೇ.

ನಮ್ಮ ಕಾಲೇಜಿನಲ್ಲಿ ಕಂಪ್ಯೂಟರುಗಳಿವೆ. ಹಾಸ್ಟೆಲಿನ ಊಟದ ಖರ್ಚನ್ನೋ ಗ್ರಂಥಾಲಯದ ಪುಸ್ತಕಗಳ ಎರವನ್ನೋ ವಸ್ತುವಾಗಿಟ್ಟುಕೊಂಡು, ಕಲಾ ವಿಭಾಗದ ವಿದ್ಯಾರ್ಥಿಗಳಿಗೆ ವರ್ಷದಲ್ಲಿ ನಾಲ್ಕಾರು ತರಗತಿಗಳನ್ನು ನಡೆಸಿದರೆ ಮಹದುಪಕಾರವಾಗುತ್ತದೆ. ಸೂತ್ರವನ್ನು ವಾಣಿಜ್ಯದ ಅಧ್ಯಾಪಕರು ಕಲಿಸಲಿ; ಷರತ್ತನ್ನು ಮಾತಿನಲ್ಲಿ ಬರೆಯುವುದನ್ನು ಕನ್ನಡದ ಅಧ್ಯಾಪಕರು ತಿದ್ದಲಿ.

ಆ ಹಿರಿಯರ ಕಥೆಯನ್ನು ಮುಗಿಸಿಬಿಡುತ್ತೇನೆ. ಮರುದಿನ ಬೆಳಿಗ್ಗೆ ನಾನು ಯಜಮಾನರಿಗೆ ತಪ್ಪು ನನ್ನದೆಂದು ತಿಳಿಸಿದೆ. ಅವರು ಒಂದು ಕ್ಷಣ ಸುಮ್ಮನಿದ್ದು, ಬರಬೇಕಾದ ಕಮಿಷನ್ನನ್ನು ಅಲ್ಲಿಯೇ ಎಣಿಸಿ ಕೊಟ್ಟರು. ಹಿರಿಯರು ಹಣವನ್ನು ಜೇಬಿಗೆ ಹಾಕಿಕೊಳ್ಳುವ ಮೊದಲು ಆ ಸಣ್ಣ ಪುಸ್ತಕವನ್ನು ತೆಗೆದು, ಮೊಬಲಗನ್ನೂ ತಾರೀಖನ್ನೂ ಬರೆದುಕೊಂಡು, ಮತ್ತೆ ರಬ್ಬರ್ ಬ್ಯಾಂಡ್ ಸುತ್ತಿದರು. ನನ್ನ ಮೇಲೆ ಅವರಿಗೆ ಕೋಪವಿರಲಿಲ್ಲ. ನಂಬಿಕೆಯೂ ಅಷ್ಟಾಗಿ ಇರಲಿಲ್ಲವೆಂದು ತೋರುತ್ತದೆ. ಅದು ನ್ಯಾಯವೇ.

ಅವರ ಜೇಬಿನಲ್ಲಿ ಪುಸ್ತಕವಿತ್ತು. ಪಡಿತರದ ಪಟ್ಟಿಯಲ್ಲಿ, ಪಿಂಚಣಿಯ ಪಟ್ಟಿಯಲ್ಲಿ, ವಿದ್ಯಾರ್ಥಿವೇತನದ ಪಟ್ಟಿಯಲ್ಲಿ ಹೆಸರಿರುವ ಎಲ್ಲರ ಜೇಬಿನಲ್ಲಿಯೂ ಅಂಥ ಪುಸ್ತಕವಿರುವುದಿಲ್ಲ. ತಾವು ಲೆಕ್ಕಕ್ಕಿಲ್ಲವೆಂಬುದು ಆಟದ ಆ ಪುಟ್ಟ ತಮ್ಮನಂತೆ ಅವರಿಗೂ ತಿಳಿಯದು. ನಾಳೆ ಕಚೇರಿಗಳಲ್ಲಿ ಕುಳಿತು ಆ ಪಟ್ಟಿಗಳ ಮೊತ್ತವನ್ನು ತೆಗೆಯುವವರು ನಾವೇ ಆಗಬಹುದು. ಅಂದು ಸೂತ್ರವನ್ನು ಬರೆದು ಮುಗಿಸುವ ಮುನ್ನ, ಯಾರು ಬಿಟ್ಟುಹೋದರು ಎಂದು ಒಂದು ಸಲ ಹಿಂತಿರುಗಿ ನೋಡುವ ಅಭ್ಯಾಸವನ್ನು ಈ ಕಾಲೇಜಿನಲ್ಲಿರುವಾಗಲೇ ಮಾಡಿಕೊಳ್ಳೋಣ.